ಐದನೇ ಮೆಟ್ಟಿಲು

ಡಿಪ್ಲೊಮಾ ತರಗತಿಯಲ್ಲಿ ವರದಿಯೊಳಗೆ ‘ನಾನು’ ಬರಬಾರದು ಅಂತ ಕೆಂಪು ಪೆನ್ನಿನಲ್ಲಿ ಹೊಡೆದು ಹೊಡೆದು ಕಲಿಸಿದ್ದರು. ಆ ಅಭ್ಯಾಸ ಇನ್ನೂ ಹೋಗಿಲ್ಲ. ತಪ್ಪು ಒಬ್ಬರದೇ ಆದರೂ ಇಲ್ಲೂ ‘ನಾವು’ ಅಂತಲೇ ಬರೆಯುತ್ತೇವೆ, ಸಹಿಸಿಕೊಳ್ಳಿ.

ಕಳೆದ ಶ್ರಾವಣದಲ್ಲಿ ಅವ್ವನನ್ನು ಹಿಂದೆ ಕೂರಿಸಿಕೊಂಡು ಕನಕಪುರದಿಂದ ಜಯನಗರಕ್ಕೆ ಹೊರಟಿದ್ದೆವು. ಅವಳ ಕಣ್ಣಿನ ತಪಾಸಣೆ ಇತ್ತು. ಜೆ.ಪಿ. ನಗರದ ಒಂದು ಒಳರಸ್ತೆಯಲ್ಲಿ ಬಣ್ಣ ಬಳಿಯದ ಹಂಪ್. ವೇಗ ಮೂವತ್ತೂ ಇರಲಿಲ್ಲ. ಮುಂದಿನ ಚಕ್ರ ಹೇಗೋ ದಾಟಿತು, ಹಿಂದಿನದು ಕತ್ತೆ ಒದ್ದ ಹಾಗೆ ಒದ್ದಿತು. ಅವ್ವ ಕೂಗಲಿಲ್ಲ. ನಮ್ಮ ಭುಜದ ಮೇಲಿದ್ದ ಕೈ ಮಾತ್ರ ಬಿಗಿಯಾಯಿತು, ಆಸ್ಪತ್ರೆ ಮುಟ್ಟುವವರೆಗೂ ಸಡಿಲವಾಗಲಿಲ್ಲ. ಗಾಡಿ ನಿಂತ ಮೇಲೆ ಅವಳಿಗೆ ಇಳಿಯಲು ಆಗಲಿಲ್ಲ. ಕಣ್ಣು ತೋರಿಸಲು ಹೋದವರು ಬೆನ್ನಿನ ಎಕ್ಸ್‌ರೇ ಹಿಡಿದುಕೊಂಡು ವಾಪಸ್ ಬಂದೆವು. ಬೆನ್ನುಮೂಳೆಯ ಒಂದು ಮಣಿ ಕುಸಿದಿತ್ತು.

‘ಮೂಳೆ ಮೊದಲೇ ಸವೆದಿದೆ. ಈ ವಯಸ್ಸಿನಲ್ಲಿ ಭಾರ ಎತ್ತಿದರೂ ಹೀಗಾಗಬಹುದು, ನೀವೇನೂ ಮಾಡಿಲ್ಲ’ ಅಂದರು ಡಾಕ್ಟರು. ಒಳ್ಳೆಯ ಮನುಷ್ಯ. ಆದರೆ ಹಿಂದಿನ ವಾರ ಮನೆ ಅಂಗಳದಲ್ಲಿ ಕೂತು ಹಿಂದಿನ ಶಾಕಪ್ಪುಗಳನ್ನು ಎರಡನೇ ಮೆಟ್ಟಿಲಿನಿಂದ ಐದಕ್ಕೆ ಏರಿಸಿದ್ದು ಅವರಿಗೆ ಗೊತ್ತಿರಲಿಲ್ಲ.

ಏರಿಸಿದ್ದು ಯಾಕೆ ಅಂದರೆ ನಮಗೆ ರೇಸಿನ ಗಾಳಿ ಬಡಿದಿತ್ತು. ಅಕ್ಕನ ಮಗ ಬಿಟಿಎಂ ಲೇಔಟಿನ ಪಿಜಿಯಲ್ಲಿದ್ದಾನೆ, ಸಾಫ್ಟ್‌ವೇರ್ ಕೆಲಸ. ಅವನದು ಟಿವಿಎಸ್‌ನ ಅಪಾಚೆ ಆರ್‌ಆರ್ 310, ಇಲ್ಲೇ ಹೊಸೂರಿನಲ್ಲಿ ತಯಾರಾಗುವುದು. 2021ರಲ್ಲಿ ಕಂಪನಿಯವರು ತಂದ ಕಿಟ್ ಹಾಕಿಸಿಕೊಂಡಿದ್ದಾನೆ. ಮುಂದೆಯೂ ಹಿಂದೆಯೂ ಸಸ್ಪೆನ್ಷನ್ನಿನ ಎಲ್ಲವನ್ನೂ ಬೇಕಾದ ಹಾಗೆ ತಿರುಗಿಸಬಹುದು. ಆಷಾಢದಲ್ಲಿ ‘ಮಾವ, ಚೆನ್ನೈಗೆ ಟ್ರ್ಯಾಕ್ ಡೇಗೆ ಹೋಗ್ತಿದೀನಿ, ಬಾ, ನಿನಗೊಂದು ಸ್ಟೋರಿ ಆಗುತ್ತೆ’ ಅಂದ. ಹೋದೆವು. ಸ್ಟೋರಿ ಪ್ರಕಟವಾಗಲಿಲ್ಲ, ಅದು ಬೇರೆ ಮಾತು.

ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ 1990ರಿಂದ ನಡೆಯುತ್ತಿರುವ ಟ್ರ್ಯಾಕ್ ಅದು. ಒಂದು ಸುತ್ತಿಗೆ ಸುಮಾರು 3.7 ಕಿ.ಮೀ. ಬೆಂಗಳೂರಿನ ಹುಡುಗರು ಮೊಣಕಾಲು ನೆಲಕ್ಕೆ ಸವರಬೇಕು ಅನ್ನಿಸಿದರೆ ಅಲ್ಲಿಗೋ ಕೊಯಮತ್ತೂರಿಗೋ ಹೋಗುತ್ತಾರೆ. ಬಂದವರ ಗಾಡಿಗಳ ಫೋರ್ಕಿನ ಕಾಲಿಗೆ ಒಂದೊಂದು ಪ್ಲಾಸ್ಟಿಕ್ ಟೈ ಕಟ್ಟಿತ್ತು. ಬ್ರೇಕ್ ಹಿಡಿದಾಗ ಫೋರ್ಕ್ ಕುಗ್ಗಿ ಆ ಟೈಯನ್ನು ತಳ್ಳುತ್ತದೆ. ಸುತ್ತು ಮುಗಿಸಿ ಬಂದು ನೋಡಿದರೆ ಎಷ್ಟು ಕುಗ್ಗಿತ್ತು ಅನ್ನುವುದು ಕಾಣುತ್ತದೆ. ಎರಡು ರೂಪಾಯಿಯ ಆ ಟೈ ನೋಡಿ ಸ್ಕ್ರೂಡ್ರೈವರ್ ತೆಗೆದುಕೊಂಡು ಒಂದು ಕ್ಲಿಕ್, ಎರಡು ಕ್ಲಿಕ್ ಅಂತ ತಿರುಗಿಸುತ್ತಿದ್ದರು. ನಮಗೆ ಅದೆಲ್ಲಕ್ಕಿಂತ ಇಷ್ಟವಾಗಿದ್ದು ಅದೇ. ಆದರೆ ತಲೆಯಲ್ಲಿ ಉಳಿದದ್ದು ಅಳಿಯ ಹೇಳಿದ ಇನ್ನೊಂದು ಮಾತು: ‘ಗಾಡಿ ಮೆತ್ತಗಿದ್ರೆ ತೇಲುತ್ತೆ ಮಾವ. ಗಟ್ಟಿ ಮಾಡ್ಬೇಕು.’

ನಮ್ಮ ಪಲ್ಸರ್ 150 ನಿಜಕ್ಕೂ ತೇಲುತ್ತಿತ್ತು. ಹಾರೋಹಳ್ಳಿ ದಾಟಿ ತಿರುವಿನಲ್ಲಿ ವಾಲಿಸಿದರೆ ಹಿಂಭಾಗ ತೊಟ್ಟಿಲ ಹಾಗೆ ಎರಡು ಮೂರು ಸಲ ತೂಗುತ್ತಿತ್ತು. ಸರಿ, ಗಟ್ಟಿ ಮಾಡೋಣ ಅಂತ ಐದಕ್ಕೆ ಏರಿಸಿದೆವು.

ಎಕ್ಸ್‌ರೇ ಆದ ಮೂರನೇ ದಿನ ಬನಶಂಕರಿ ಎರಡನೇ ಹಂತದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆವು. ಆರ್‌ಎಕ್ಸ್ 100 ಕಾಲದವರು, ಅರವತ್ತರ ಹತ್ತಿರ. ‘ಅಣ್ಣ, ಎಷ್ಟಾದರೂ ಆಗಲಿ, ಒಳ್ಳೆ ಗ್ಯಾಸ್ ಶಾಕಪ್ಪು ಹಾಕಿಬಿಡಿ’ ಅಂದೆವು. ‘ಎಷ್ಟಾದರೂ’ ಅನ್ನುವುದು ಬಾಯಿಮಾತು. ತಿಂಗಳಿಗೆ ಬರುವುದು ಎಷ್ಟು ಅಂತ ಇದನ್ನು ಓದುವ ನಮ್ಮ ಬ್ಯಾಚಿನವರಿಗೆ ಹೇಳಬೇಕಿಲ್ಲ.

ಅವರು ಉತ್ತರ ಕೊಡದೆ ಸೀಟಿನ ಹಿಂಭಾಗವನ್ನು ಅಂಗೈಯಿಂದ ಒತ್ತಿ ಬಿಟ್ಟರು. ಗಾಡಿ ಮೇಲಕ್ಕೆ ಚಿಮ್ಮಿತು, ಕೆಳಗಿಳಿಯಿತು, ಮತ್ತೆ ಚಿಮ್ಮಿತು. ಬಗ್ಗಿ ಎಡಗಡೆ ಶಾಕಪ್ಪಿನ ರಾಡಿಗೆ ಬೆರಳು ಸವರಿ ತೋರಿಸಿದರು, ಎಣ್ಣೆ ಜಿಡ್ಡು. ‘ಪೇಪರ್‌ನೋರೇ, ಇದು ಸತ್ತು ಎಷ್ಟು ದಿನ ಆಯ್ತೋ. ತೇಲ್ತಾ ಇದ್ದದ್ದು ಇದರಿಂದ. ನೀವು ಸ್ಪ್ರಿಂಗ್ ಏರ್ಸಿದೀರಿ.’

ಆಮೇಲೆ ಅವರು ಬಿಡಿಸಿ ಹೇಳಿದ್ದು ಹೀಗೆ. ಶಾಕಪ್ಪಿನಲ್ಲಿ ಎರಡು ಕೆಲಸ. ಭಾರ ಹೊರುವುದು ಸ್ಪ್ರಿಂಗು. ಕುಗ್ಗಿದ ಸ್ಪ್ರಿಂಗು ಚಿಮ್ಮದ ಹಾಗೆ ಹಿಡಿದು ನಿಧಾನಕ್ಕೆ ಬಿಡುವುದು ಒಳಗಿನ ಎಣ್ಣೆ, ಸಣ್ಣ ತೂತುಗಳಲ್ಲಿ ನುಸುಳಿ. ಎಣ್ಣೆ ಸೋರಿದರೆ ಸ್ಪ್ರಿಂಗಿಗೆ ಮೂಗುದಾರ ಇಲ್ಲ. ಮೆಟ್ಟಿಲು ಏರಿಸಿದರೆ ಸ್ಪ್ರಿಂಗು ಗಟ್ಟಿಯಾಗುವುದೂ ಇಲ್ಲ, ಅದರ ಗುಣ ಅದೇ ಇರುತ್ತದೆ. ಮೊದಲೇ ಒತ್ತಿಟ್ಟಿರುವುದರಿಂದ ಗಾಡಿಯ ಹಿಂಭಾಗ ಎತ್ತರವಾಗುತ್ತದೆ, ಸಣ್ಣ ಏಟಿಗೆ ಅಲುಗುವುದೇ ಇಲ್ಲ, ದೊಡ್ಡ ಏಟಿಗೆ ಇನ್ನೂ ಜೋರಾಗಿ ಚಿಮ್ಮುತ್ತದೆ. ಹಿಂದೆ ಕೂತವರು ಹೆಚ್ಚುಕಡಿಮೆ ಚಕ್ರದ ಮೇಲೇ ಕೂತಿರುತ್ತಾರೆ, ಏಟು ಪೂರಾ ಅವರಿಗೇ. ‘ಅಮ್ಮನ ತೂಕ ಎಷ್ಟು?’ ಕೇಳಿದರು. ನಲವತ್ತೆಂಟು ಅಂದೆವು. ‘ಮೂರು ಸಾಕಾಗಿತ್ತು’ ಅಂದವರು, ನಮ್ಮ ಮುಖ ನೋಡಿ ಟಯರಿನ ಕಡೆ ತಿರುಗಿದರು. ಗಾಳಿ ಅಂಗಡಿಯವನು ಕಂಪನಿ ಹೇಳಿದ್ದಕ್ಕಿಂತ ಬಹಳ ಹೆಚ್ಚು ತುಂಬಿದ್ದ. ಅದನ್ನೂ ನಾವು ನೋಡಿರಲಿಲ್ಲ.

ದುಬಾರಿ ಶಾಕಪ್ಪು ಅವರು ಹಾಕಲಿಲ್ಲ. ಜೆ.ಸಿ. ರಸ್ತೆಯಲ್ಲಿ ಸಿಗುವ ಉದ್ದದ ಗ್ಯಾಸ್ ಶಾಕಪ್ಪು ಹಾಕಿದರೆ ಹಿಂಭಾಗ ಎದ್ದು ಹ್ಯಾಂಡಲ್ ಚಂಚಲವಾಗುತ್ತದೆ, ಸೈಡ್ ಸ್ಟ್ಯಾಂಡಿನಲ್ಲಿ ನಿಲ್ಲುವ ರೀತಿಯೂ ಕೆಡುತ್ತದೆ ಅಂದರು. ಕಂಪನಿಯದೇ ಹೊಸ ಜೋಡಿ ಹಾಕಿದರು. ಮುಂದಿನ ಫೋರ್ಕ್ ಬಿಚ್ಚಿದರೆ ಆರು ವರ್ಷದ ಎಣ್ಣೆ ಚರಂಡಿ ನೀರಿನ ಹಾಗಿತ್ತು. ಎಣ್ಣೆ, ಸೀಲು, ಸ್ವಿಂಗ್ ಆರ್ಮ್ ಬುಶ್ ಬದಲಾಯಿಸಿದರು. ಎಲ್ಲ ಸೇರಿ 4,800 ರೂಪಾಯಿ, ಎರಡು ಕಂತು.

ಹಣ ಕೇಳದ ಕೆಲಸವೊಂದನ್ನೂ ಮಾಡಿದರು, ಇದನ್ನು ನೀವೂ ಮಾಡಿಕೊಳ್ಳಬಹುದು. ಹಿಂದಿನ ಚಕ್ರ ನೆಲ ಬಿಡುವಷ್ಟು ಗಾಡಿ ಎತ್ತಿ, ಅಚ್ಚಿನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ಟೇಪಿನಲ್ಲಿ ಅಳೆಯಬೇಕು. ಆಮೇಲೆ ಗಾಡಿ ಇಳಿಸಿ, ಸವಾರ ಕಾಲೆತ್ತಿ ಕೂತು, ಒಬ್ಬರು ಬೀಳದ ಹಾಗೆ ಹಿಡಿದುಕೊಂಡಾಗ ಇನ್ನೊಬ್ಬರು ಅದೇ ಜಾಗ ಮತ್ತೆ ಅಳೆಯಬೇಕು. ಎಷ್ಟು ಕುಗ್ಗಿತೋ ಅದು ಸ್ಯಾಗ್. ರಸ್ತೆ ಓಡಾಟಕ್ಕೆ ಶಾಕಪ್ಪಿನ ಒಟ್ಟು ಚಲನೆಯ ಮೂರನೇ ಒಂದು ಭಾಗದ ಆಸುಪಾಸು ಕುಗ್ಗಿರಬೇಕು. ಗುಂಡಿ ಬಂದಾಗ ಚಕ್ರ ಕೆಳಕ್ಕೆ ಚಾಚಿ ನೆಲ ಹುಡುಕಲು ಅಷ್ಟು ಬಾಕಿ ಬೇಕು, ನೆಲ ಬಿಟ್ಟ ಟಯರಿಗೆ ಬ್ರೇಕೂ ಇಲ್ಲ ಹಿಡಿತವೂ ಇಲ್ಲ. ಟ್ರ್ಯಾಕಿನಲ್ಲಿ ಗುಂಡಿ ಇಲ್ಲ, ಜೋರು ಬ್ರೇಕಿಗೆ ಮುಂಭಾಗ ಮುಳುಗಬಾರದು, ಅದಕ್ಕೆ ಅಲ್ಲಿ ಕಡಿಮೆ ಇಡುತ್ತಾರೆ. ನಮ್ಮದು ಐದರಲ್ಲಿ 13 ಮಿ.ಮೀ. ಕುಗ್ಗಿತು. ಎರಡಕ್ಕೆ ಇಳಿಸಿದಾಗ 28.

ಅಳಿಯನಿಗೆ ಫೋನ್ ಮಾಡಿದೆವು. ಬೈಯಲಿಲ್ಲ, ಅವನಿಗೂ ಒಂದು ಕಥೆ ಇತ್ತು. ಚೆನ್ನೈಯಿಂದ ಟ್ರ್ಯಾಕಿನ ಸೆಟ್ಟಿಂಗಿನಲ್ಲೇ ವಾಪಸ್ ಬಂದಿದ್ದನಂತೆ, ರಿಬೌಂಡ್ ಬಿಗಿಯಾಗಿ ಮುಚ್ಚಿಕೊಂಡು. ಹೊಸೂರು ರಸ್ತೆಯ ಸಾಲುಪಟ್ಟಿಗಳ ಮೇಲೆ ಒಂದು ಏಟಿಗೆ ಕುಗ್ಗಿದ ಹಿಂಭಾಗ ಏಳುವುದರೊಳಗೆ ಇನ್ನೊಂದು ಏಟು, ಮತ್ತೊಂದು. ಕೊನೆಗೆ ಪೂರಾ ಕೂತುಬಿಟ್ಟು ಸಿಲ್ಕ್ ಬೋರ್ಡ್ ಹತ್ತಿರ ಒಂದು ಗುಂಡಿಗೆ ಹ್ಯಾಂಡಲ್ ಕೈಬಿಟ್ಟಿತ್ತಂತೆ. ‘ಬೀಳಲಿಲ್ಲ ಮಾವ, ಅದಕ್ಕೇ ಹೇಳಿರ್ಲಿಲ್ಲ.’ ಈಗ ಟ್ಯಾಂಕ್ ಮೇಲೆ ಪ್ಲಾಸ್ಟರ್ ಪಟ್ಟಿ ಅಂಟಿಸಿ ರಸ್ತೆಗೆ ಎಷ್ಟು ಕ್ಲಿಕ್, ಟ್ರ್ಯಾಕಿಗೆ ಎಷ್ಟು ಕ್ಲಿಕ್ ಅಂತ ಬರೆದಿಟ್ಟುಕೊಂಡಿದ್ದಾನೆ.

2025ರಲ್ಲಿ ನಮ್ಮ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಟ್ಟರು. ನಾವೇ ಸುದ್ದಿ ಕಳಿಸಿದ್ದೆವು. ಬೋರ್ಡು ಬದಲಾಯಿತು, ಗುಂಡಿಗಳು ಹಳೇ ವಿಳಾಸದಲ್ಲೇ ಇವೆ.

ಅವ್ವನ ಬೆಲ್ಟು ಬಿಚ್ಚಿದ್ದಾರೆ. ಸ್ವಲ್ಪ ಗೂನು ಉಳಿದಿದೆ. ತೋರಿಸಲು ಹೋಗುವಾಗ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಸ್ಸು, ಅಲ್ಲಿಂದ ಜಯನಗರಕ್ಕೆ ಮೆಟ್ರೋ. ನಾವು ಗಾಡಿಯಲ್ಲಿ ಮುಂಚೆ ಹೋಗಿ ಸ್ಟೇಷನ್ ಕೆಳಗೆ ಕಾಯುತ್ತೇವೆ. ಅಲ್ಲಿಂದ ಆಸ್ಪತ್ರೆ ಅರ್ಧ ಕಿಲೋಮೀಟರೂ ಇಲ್ಲ. ಶಾಕಪ್ಪು ಹೊಸದು, ಮೂರನೇ ಮೆಟ್ಟಿಲಿಗೆ ಇಟ್ಟಿದೀವಿ, ಹತ್ತು ಅಂತ ಹೋದ ಸಲ ಕೇಳಿದೆವು. ಸೀಟನ್ನು ಕೈಯಿಂದ ಒಮ್ಮೆ ಒತ್ತಿ ನೋಡಿದಳು. ‘ನೀನು ತಳ್ಕೊಂಡು ಬಾ, ನಾನು ನಡೀತೀನಿ’ ಅಂದಳು.