ಅರ್ಹತಾ ರೋಗಿ

ಸರ್ಕಾರದ ಕಾಗದಪತ್ರಗಳಲ್ಲಿ ಈಚೆಗೆ ಬಳಕೆಗೆ ಬಂದಿರುವ ಶಬ್ದಗಳಲ್ಲಿ ‘ಅರ್ಹತಾ ರೋಗಿ’ ಎಂಬುದೊಂದು ಬಹುದಿನಗಳಿಂದ ನನ್ನ ಮನಸ್ಸನ್ನು ಕಾಡುತ್ತಿದೆ. ಮೂವತ್ತು ವರ್ಷ ಹುಡುಗರಿಗೆ ವ್ಯಾಕರಣವನ್ನು ಹೇಳಿದ ಬಾಯಿ. ಸಮಾಸವೊಂದು ಕಣ್ಣಿಗೆ ಬಿದ್ದರೆ ವಿಗ್ರಹವಾಕ್ಯವನ್ನು ಹೇಳದೆ ಸುಮ್ಮನಿರಲಾರದು. ಅರ್ಹತೆಯುಳ್ಳ ರೋಗಿಯೇ ಅರ್ಹತಾ ರೋಗಿ ಎಂದು ಬಿಡಿಸುವುದು ನೇರವಾದ ದಾರಿ. ಆದರೆ ಅರ್ಹತೆಯೆಂಬ ರೋಗವುಳ್ಳವನು ಎಂದು ಯಾವನಾದರೂ ತುಂಟ ಹುಡುಗನು ಬಿಡಿಸಿದನಾದರೆ ಅವನಿಗೆ ಪೂರ್ತಿ ಅಂಕಗಳನ್ನು ಕೊಡಬೇಕೆಂದೇ ಈಗ ನನಗೆ ತೋರುತ್ತದೆ. ‘ಅರ್ಹ’ ಎಂಬುದು ಪೂಜೆಯ ಅರ್ಥವುಳ್ಳ ಧಾತು. ನಮ್ಮ ಹಳಗನ್ನಡದ ಜೈನಕವಿಗಳು ಕೈಮುಗಿದ ಅರ್ಹಂತನೂ ಆ ಧಾತುವಿನಿಂದಲೇ ಹುಟ್ಟಿದವನು. ಅಂಥ ಶಬ್ದವು ಇಂದು ಆಸ್ಪತ್ರೆಯ ಕಿಟಕಿಯ ಮುಂದೆ ಚೀಟಿ ಹಿಡಿದು ನಿಂತಿದೆ.

ಹಿಂದೆ ನಮ್ಮ ಸೀಮೆಯಲ್ಲಿ ಧರ್ಮಾಸ್ಪತ್ರೆ ಎಂಬ ಮಾತಿತ್ತು. ಧರ್ಮಾಸ್ಪತ್ರೆಗೆ ಹೋಗುವವನಿಗೆ ಬೇಕಾಗಿದ್ದ ಅರ್ಹತೆ ಒಂದೇ, ಕಾಯಿಲೆ. 1900ರಲ್ಲಿ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ತೆರೆದಾಗ ಬಡವನ ಬಡತನಕ್ಕೆ ಅಳತೆಗೋಲು ಇನ್ನೂ ಹುಟ್ಟಿರಲಿಲ್ಲ. 1946ರಲ್ಲಿ ವರದಿಯನ್ನೊಪ್ಪಿಸಿದ ಭೋರ್ ಸಮಿತಿಯವರು, ಹಣ ಕೊಡಲಾರೆನೆಂಬ ಕಾರಣದಿಂದ ಯಾವ ಮನುಷ್ಯನೂ ಚಿಕಿತ್ಸೆಯಿಂದ ವಂಚಿತನಾಗಬಾರದು ಎಂಬುದನ್ನೇ ತಮ್ಮ ಮೊದಲ ತತ್ತ್ವವನ್ನಾಗಿ ಇಟ್ಟುಕೊಂಡಿದ್ದರು. ಆ ತತ್ತ್ವವನ್ನು ಅಲ್ಲಗಳೆದವರು ಯಾರೂ ಇಲ್ಲ. ಆದರೆ ‘ಕೊಡಲಾರದವನು ಯಾರು?’ ಎಂಬ ಪ್ರಶ್ನೆ ಅದರ ಹಿಂದೆಯೇ ಬಂದಿತು. ಅದಕ್ಕೆ ಒಂದೊಂದು ಇಲಾಖೆಯೂ ಒಂದೊಂದು ಉತ್ತರವನ್ನು ಬರೆದಿಟ್ಟಿದೆ.

ಅದಿರಲಿ. ನಾನು ವಾಸವಾಗಿರುವುದು ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ. ಹೆಸರಿಗೆ ಹಳ್ಳಿ, ಬದುಕಿಗೆ ಪಟ್ಟಣ. ಹೆಸರಿನೊಳಗಿನ ಬೇಡರು ಈಗ ಕಾಣಿಸರು. ಹಳ್ಳಿಯವರ ಮಾತಿನಲ್ಲಿ ‘ಬ್ಯಾಡ’ ಎಂಬುದಕ್ಕೆ ನಿರಾಕರಣೆಯ ಅರ್ಥವೂ ಉಂಟಷ್ಟೆ. ಆ ಅರ್ಥದ ಬ್ಯಾಡವನ್ನು ಕಿಟಕಿ ಕಿಟಕಿಗಳಲ್ಲಿ ಕೇಳಿಬಂದವರು ಇಲ್ಲಿ ಬಹುಮಂದಿ. ಪೀಣ್ಯದ ಯಂತ್ರಶಾಲೆಗಳಿಗೂ ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಹೋಗಿಬರುವ ಮನೆಗಳೇ ನಮ್ಮ ಬೀದಿಯಲ್ಲಿ ಹೆಚ್ಚು. ಮೇಷ್ಟ್ರು ಮನೆಯಲ್ಲಿಯೇ ಇರುತ್ತಾರೆ, ಕನ್ನಡಕವೂ ಇದೆ ಎಂಬ ಕಾರಣದಿಂದ ಆಸ್ಪತ್ರೆಯ ಕಾಗದಗಳು ಓದಿಸಿಕೊಳ್ಳುವುದಕ್ಕಾಗಿ ನನ್ನ ಜಗಲಿಗೆ ಬರುತ್ತವೆ.

ಹಾಗೆ ಬಂದವುಗಳಲ್ಲಿ ಒಂದು, ಬೀದಿಯ ಕೊನೆಯ ಮನೆಯ ವಿಧವೆ ತಾಯಿಯದು. ಇಪ್ಪತ್ತು ಮೂವತ್ತರ ನಿವೇಶನದಲ್ಲಿ ಪತಿಯು ಕಟ್ಟಿಸಿಟ್ಟ ಮನೆ. ಮೇಲಿನ ಒಂದು ಕೋಣೆಯಿಂದ ತಿಂಗಳಿಗೆ 5,000 ರೂಪಾಯಿ ಬಾಡಿಗೆ. ಮಗನು ಪೀಣ್ಯದಲ್ಲಿ ಕೆಲಸಕ್ಕಿದ್ದಾನೆ. ಸೊಸೆಯು ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆಗೆ ಹೋಗುತ್ತಾಳೆ. 2024ರ ಮಳೆಗಾಲದಲ್ಲಿ ಆಕೆಗೆ ಹೊಟ್ಟೆನೋವು ಕಾಣಿಸಿಕೊಂಡಿತು. ಪಿತ್ತಕೋಶದಲ್ಲಿ ಕಲ್ಲುಗಳಿವೆ, ಶಸ್ತ್ರಚಿಕಿತ್ಸೆಯಾಗಬೇಕು ಎಂದು ವೈದ್ಯರು ಹೇಳಿದರು. ಮಗನ ಹೆಸರಿನಲ್ಲಿ ಇ.ಎಸ್.ಐ. ಚೀಟಿ ಇತ್ತು, ತಾಯಿಯ ಹೆಸರೂ ಅದರಲ್ಲಿ ಸೇರಿತ್ತು. ಆದುದರಿಂದ ಯಾರೂ ಹೆದರಲಿಲ್ಲ. ಅಷ್ಟರಲ್ಲಿ ಹುಡುಗನಿಗೆ ಸಂಬಳ ಹೆಚ್ಚಿತು. ಜುಲೈ ತಿಂಗಳಿನಿಂದ 20,500 ಇದ್ದದ್ದು 22,000 ಆಯಿತು. ಅಕ್ಟೋಬರಿನಲ್ಲಿ ಕಾರ್ಖಾನೆಯ ಲೆಕ್ಕದ ಗುಮಾಸ್ತರು ಅವನನ್ನು ಕರೆದು, ನಿನಗೆ ಇನ್ನು ಇ.ಎಸ್.ಐ. ಇಲ್ಲ ಎಂದರಂತೆ.

ತಾಯಿಯೇ ನನ್ನಲ್ಲಿಗೆ ಬಂದಳು. “ಮೇಷ್ಟ್ರೇ, ಸಂಬಳ ಜಾಸ್ತಿಯಾಯ್ತು ಅಂತ ಔಸ್ತಿ ನಿಂತೋಯ್ತಂತೆ. ಇದ್ಯಾವ ನ್ಯಾಯ? ನೀವೊಂದಪ ಓದ್ ನೋಡಿ” ಎಂದಳು.

ನ್ಯಾಯವೋ ಅಲ್ಲವೋ, ಶಾಸನದಲ್ಲಿ ಇದ್ದದ್ದು ಇಷ್ಟು. ಅಡಾರ್ಕರರ 1944ರ ವರದಿಯಿಂದ ಹುಟ್ಟಿದ ನೌಕರರ ರಾಜ್ಯ ವಿಮಾ ಶಾಸನವು 1948ರಲ್ಲಿ ಆಯಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿಯೂ ದೆಹಲಿಯಲ್ಲಿಯೂ ಮೊದಲು ನಡೆಗೆ ಬಂತು. ಅದು ದಾನವಲ್ಲ. ಕೂಲಿಯವನೂ ಯಜಮಾನನೂ ಕೂಡಿ ಹಾಕಿದ ಹಣದ ಗಂಟು. 2019ರ ಜುಲೈಯಿಂದ ಕೂಲಿಯಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ನೌಕರನದು, ಮೂರೂಕಾಲು ರೂಪಾಯಿ ಯಜಮಾನನದು. ಇದರೊಳಗೆ ಸೇರಬೇಕಾದವನ ಸಂಬಳಕ್ಕೊಂದು ಮೇಲ್ಮಿತಿ ಇತ್ತು. 1948ರಲ್ಲಿ ತಿಂಗಳಿಗೆ 400 ರೂಪಾಯಿಯಾಗಿದ್ದ ಆ ಮಿತಿ ಏರುತ್ತ ಏರುತ್ತ 2010ರಲ್ಲಿ 15,000ಕ್ಕೂ 2017ರ ಜನವರಿಯಲ್ಲಿ 21,000ಕ್ಕೂ ಬಂತು. ಹುಡುಗನ ಸಂಬಳವು ಆ ಗೆರೆಯನ್ನು ದಾಟಿದ್ದು ದಿಟ.

ಆದರೆ ಗೆರೆಯನ್ನು ದಾಟಿದ ದಿನವೇ ಬಾಗಿಲು ಮುಚ್ಚತಕ್ಕದ್ದೆಂದು ಶಾಸನವು ಹೇಳಿರಲಿಲ್ಲ. ಗುಮಾಸ್ತರು ಓದದೆ ಬಿಟ್ಟದ್ದು ಇಲ್ಲಿಯೇ. ಆ ವಿಮೆಯಲ್ಲಿ ವರ್ಷವು ಎರಡು ತೆರನಾಗಿ ಸೀಳಿಕೊಂಡಿರುತ್ತದೆ. ಹಣ ಕಟ್ಟುವ ಅವಧಿ ಬೇರೆ, ಫಲ ಉಣ್ಣುವ ಅವಧಿ ಬೇರೆ. ಏಪ್ರಿಲ್ ಮೊದಲುಗೊಂಡು ಸೆಪ್ಟೆಂಬರ್ ಕೊನೆಯವರೆಗೆ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಫಲ; ಅಕ್ಟೋಬರಿನಿಂದ ಮಾರ್ಚಿವರೆಗೆ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ ಫಲ. ಉತ್ತಿದವನು ಒಡನೆಯೇ ಉಣ್ಣುವುದಿಲ್ಲ. ಹೊಲವನ್ನು ಬಿಟ್ಟಮೇಲೂ ಕಣಜದಲ್ಲಿ ಕಾಳು ಇರುತ್ತದೆ. ಕಟ್ಟುವ ಅವಧಿಯ ನಡುವೆ ಸಂಬಳ ಏರಿದರೆ ಆ ಅವಧಿ ಮುಗಿಯುವವರೆಗೂ ಅವನು ವಿಮೆಯೊಳಗೇ ಇದ್ದು ಹಣ ಕಟ್ಟುತ್ತಿರಬೇಕು. ಕಟ್ಟಿದವನಿಗೆ ಅದಕ್ಕೆ ಸರಿಹೊಂದುವ ಫಲದ ಅವಧಿಯು ಪೂರ್ತಿಯಾಗುವವರೆಗೆ ಚಿಕಿತ್ಸೆ ದೊರೆಯಬೇಕು.

ಹುಡುಗನ ಸಂಬಳದ ಚೀಟಿಗಳನ್ನು ತರಿಸಿದೆನು. ಜುಲೈ, ಆಗಸ್ಟ್, ಸೆಪ್ಟೆಂಬರ್, ಮೂರರಲ್ಲಿಯೂ 165 ರೂಪಾಯಿ ಮುರಿದುಕೊಂಡಿತ್ತು. 22,000ಕ್ಕೆ ನೂರರ ಮುಕ್ಕಾಲರಂತೆ ಲೆಕ್ಕ ಹಾಕಿದರೆ ಸರಿಯಾಗಿ 165. ಹಣ ಹಿಡಿದ ಕೈಗೆ ನಿಯಮವು ಗೊತ್ತಿತ್ತು, ಇಲ್ಲವೆಂದ ಬಾಯಿಗೆ ಮಾತ್ರ ಗೊತ್ತಿರಲಿಲ್ಲ! ಆ ಲೆಕ್ಕದಂತೆ 2024ರ ಡಿಸೆಂಬರ್‌ವರೆಗೆ ಹಿಂದಿನ ಕಟ್ಟಿನ ಫಲ. 2025ರ ಜನವರಿಯಿಂದ ಜೂನ್ 30ರವರೆಗೆ ಈ ಕಟ್ಟಿನ ಫಲ. ನಡುವೆ ಒಂದು ದಿನವೂ ಖಾಲಿಯಿಲ್ಲ. ಇನ್ನು ತಾಯಿಯು ‘ಅವಲಂಬಿತೆ’ ಹೌದೋ ಅಲ್ಲವೋ ಎಂಬುದು ಎರಡನೆಯ ಪ್ರಶ್ನೆ. ಎಲ್ಲ ಮೂಲಗಳಿಂದಲೂ ತಂದೆತಾಯಿಗಳಿಗೆ ಬರುವ ಆದಾಯವು ತಿಂಗಳಿಗೆ 9,000 ರೂಪಾಯಿಗೆ ಮೀರಬಾರದೆಂದು ನಿಯಮವಿತ್ತು. ಬಾಡಿಗೆಯು 5,000. ಅಲ್ಲಿಯೂ ತೊಡಕಿಲ್ಲ.

ಇಷ್ಟನ್ನೂ ಒಂದು ಹಾಳೆಯಲ್ಲಿ ತಾರೀಖುಗಳ ಸಹಿತ ಬರೆದುಕೊಟ್ಟೆನು. ಹುಡುಗನು ಅದನ್ನೂ ಸಂಬಳದ ಚೀಟಿಗಳನ್ನೂ ಹಿಡಿದು ತಾಯಿಯನ್ನು ರಾಜಾಜಿನಗರಕ್ಕೆ ಕರೆದುಕೊಂಡು ಹೋದನು. ನಮ್ಮಲ್ಲಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಸುಂಕದಕಟ್ಟೆ ಸಿಕ್ಕುತ್ತದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕಟ್ಟಿದವರು ಈ ದಾರಿಯಲ್ಲಿ ಓಡಾಡಿದವರೇ ಇರಬೇಕೆಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಸುಂಕದವನ ಮುಂದೆ ದುಃಖವನ್ನು ಹೇಳಿಕೊಂಡರೆ ಪ್ರಯೋಜನವಿಲ್ಲದಿದ್ದರೂ ಸುಂಕದ ಪಟ್ಟಿಯನ್ನು ತೋರಿಸಿದರೆ ಪ್ರಯೋಜನವುಂಟು. ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು; ಕೈಯಿಂದ ಕಾಸು ಬೀಳಲಿಲ್ಲ.

ಆ ಹಾಳೆ ಇಲ್ಲದಿದ್ದರೆ ಅವರ ಗತಿ ಏನಾಗುತ್ತಿತ್ತು ಎಂಬುದನ್ನೂ ನೋಡಬೇಕು. 2018ರ ಮಾರ್ಚಿಯಲ್ಲಿ ನಮ್ಮ ರಾಜ್ಯದಲ್ಲಿ ಆರೋಗ್ಯ ಕರ್ನಾಟಕವೆಂಬ ಯೋಜನೆಯು ಆರಂಭವಾಯಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರದವರ ಆಯುಷ್ಮಾನ್ ಭಾರತದೊಡನೆ ಕೂಡಿಕೊಂಡಿತು. ಅದಕ್ಕೆ ಮುಂಚೆ ಇದ್ದ ವಾಜಪೇಯಿ ಆರೋಗ್ಯಶ್ರೀ ಮುಂತಾದವುಗಳೆಲ್ಲ ಅದರೊಳಗೆ ಲೀನವಾದುವು. ಈ ಯೋಜನೆಯಲ್ಲಿ ರೋಗಿಗಳು ಎರಡು ಜಾತಿ. ಆಹಾರ ಭದ್ರತಾ ಶಾಸನದ ಆದ್ಯತಾ ಪಡಿತರ ಚೀಟಿಯುಳ್ಳ ಮನೆಯವನು ‘ಅರ್ಹತಾ ರೋಗಿ’. ಅವನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ಆ ಚೀಟಿ ಇಲ್ಲದವನು ‘ಸಾಮಾನ್ಯ ರೋಗಿ’. ಗೊತ್ತುಪಡಿಸಿದ ದರದಲ್ಲಿ ನೂರಕ್ಕೆ ಮೂವತ್ತು ಸರ್ಕಾರದ್ದು, ಎಪ್ಪತ್ತು ಅವನದು. ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಲೆಕ್ಕಕ್ಕೆಂದು 40,000 ರೂಪಾಯಿಯ ಚಿಕಿತ್ಸೆಯನ್ನು ಹಿಡಿದುಕೊಂಡರೆ ಈ ತಾಯಿಯ ಪಾಲಿಗೆ 28,000 ಬೀಳುತ್ತಿತ್ತು. ತುರ್ತು ಸಂದರ್ಭವಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗದೆಂದು ಬರೆಯಿಸಿಕೊಂಡ ಮೇಲೆಯೇ ಖಾಸಗಿ ಆಸ್ಪತ್ರೆಯ ಮಾತು.

ಅಕ್ಕಿಯ ಚೀಟಿಯನ್ನೇ ಔಷಧದ ಮನೆಯ ಬೀಗದ ಕೈಯನ್ನಾಗಿ ಮಾಡಿದ್ದು ಆಡಳಿತಕ್ಕೆ ಸುಲಭವಾಗಿರಬಹುದು. ಆದರೆ ಅಕ್ಕಿಗೆ ಬೇಕಾದ ಬಡತನವೂ ಶಸ್ತ್ರಚಿಕಿತ್ಸೆಗೆ ಬೇಕಾದ ಬಡತನವೂ ಒಂದೇ ಅಲ್ಲ. ಆ ಚೀಟಿಗೆ ವರ್ಷಕ್ಕೆ 1,20,000 ರೂಪಾಯಿ ಆದಾಯದ ಮಿತಿಯುಂಟು. ತಿಂಗಳಿಗೆ 10,000 ಆಯಿತು. ಪಟ್ಟಣದಲ್ಲಿ ಸಾವಿರ ಚದರಡಿಗೆ ಮೀರಿದ ಪಕ್ಕಾ ಮನೆಯಾಗಲಿ, ಜೀವನೋಪಾಯದ್ದಲ್ಲದ ನಾಲ್ಕು ಚಕ್ರದ ವಾಹನವಾಗಲಿ ಇರಕೂಡದು. ಒಂದು ಕಡೆ 10,000ದ ಗೆರೆ, ಇನ್ನೊಂದು ಕಡೆ 21,000ದ ಗೆರೆ. ಕೆಳಗಣ ಗೆರೆಗಿಂತ ಮೇಲೆ ಇದ್ದು ಕಾರ್ಖಾನೆಯ ವಿಮೆಯೂ ಇಲ್ಲದವನು, ಹಾಗೆಯೇ ಮೇಲಣ ಗೆರೆಯನ್ನು ಸಾವಿರ ರೂಪಾಯಿಯಷ್ಟು ದಾಟಿದವನು, ಇವರಿಬ್ಬರೂ ‘ಸಾಮಾನ್ಯರು’. ಹುಡುಗನಿಗೆ ಹೆಚ್ಚಿದ್ದು ತಿಂಗಳಿಗೆ 1,500 ರೂಪಾಯಿ. ಅದರಿಂದ ಕಳೆದುಕೊಳ್ಳಲಿದ್ದುದು ತಾಯಿಯ ಚಿಕಿತ್ಸೆ. ಸಂಬಳ ಏರಿದ್ದಕ್ಕೆ ಮನೆಯವರು ದುಃಖಪಟ್ಟದ್ದನ್ನು ನಾನು ಕಂಡದ್ದು ಅದೇ ಮೊದಲು.

ಇದ್ದ ಚೀಟಿಯೂ ಸ್ಥಿರವೆಂದು ತಿಳಿಯುವ ಹಾಗಿಲ್ಲ. 2024ರ ನವೆಂಬರಿನಲ್ಲಿ ರಾಜ್ಯದ ಅನೇಕ ಬಿ.ಪಿ.ಎಲ್. ಚೀಟಿಗಳು ಎ.ಪಿ.ಎಲ್. ಆಗಿಹೋದುವು, ಗದ್ದಲವೆದ್ದ ಮೇಲೆ, ಆದಾಯ ತೆರಿಗೆ ಕೊಡುವವರನ್ನೂ ಸರ್ಕಾರಿ ನೌಕರರನ್ನೂ ಬಿಟ್ಟು ಉಳಿದವರಿಗೆ ಅವುಗಳನ್ನು ಮರಳಿಸಬೇಕೆಂದು ಸರ್ಕಾರವು ಆಜ್ಞೆ ಮಾಡಿತು. ಆ ಕೆಲವು ದಿನಗಳಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲಿದ್ದವರ ಮನಸ್ಸು ಹೇಗಿದ್ದಿತೋ!

ಬಡತನವನ್ನು ಅಳೆಯದೆಯೇ ನಡೆಯುವ ಇನ್ನೊಂದು ದಾರಿಯನ್ನು ನಮ್ಮ ರಾಜ್ಯವೇ ತೋರಿಸಿತ್ತು. 2003ರಲ್ಲಿ ಯಶಸ್ವಿನಿಯು ಆರಂಭವಾದಾಗ ಸಹಕಾರ ಸಂಘದ ಸದಸ್ಯನಾದ ರೈತನು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸಾಕಾಗಿತ್ತು. ‘ನೀನು ಬಡವನೇ?’ ಎಂದು ಕೇಳದೆ ‘ನೀನು ಸಂಘದವನೇ?’ ಎಂದು ಕೇಳುವ ಯೋಜನೆ ಅದು. ಎರಡನೆಯ ಪ್ರಶ್ನೆಗೆ ತಲೆಯೆತ್ತಿ ಉತ್ತರ ಹೇಳಬಹುದು. 2018ರಲ್ಲಿ ಅದೂ ದೊಡ್ಡ ಯೋಜನೆಯೊಳಗೆ ಸೇರಿಹೋಗಿ 2022ರಲ್ಲಿ ಮತ್ತೆ ತಲೆಯೆತ್ತಿತು.

ನಮ್ಮ ತಾಯಿಯ ಕಥೆ ಇಷ್ಟಕ್ಕೇ ಮುಗಿಯಲಿಲ್ಲ. 2025ರ ಜೂನ್ 30 ಬಂದಿತು, ಹೋಯಿತು. ಮಗನ ಕಣಜ ಬರಿದಾಯಿತು. ಈಗ ಆಕೆಗೆ ಎದೆನೋವು ಕಾಣಿಸಿಕೊಂಡಿದೆ. ಹೃದಯದ ರಕ್ತನಾಳಗಳನ್ನು ಪರೀಕ್ಷಿಸಬೇಕೆಂದು ವೈದ್ಯರು ಹೇಳಿದ್ದಾರೆ. ಮನೆಯಲ್ಲಿ ಇನ್ನೊಂದು ಚೀಟಿ ಇದೆ, ಸೊಸೆಯದು. ಆದರೆ 1948ರ ಶಾಸನದಲ್ಲಿ ‘ಕುಟುಂಬ’ ಎಂಬುದಕ್ಕೆ ಕೊಟ್ಟ ಅರ್ಥದಲ್ಲಿ ನೌಕರಳ ತಂದೆತಾಯಿಗಳಿದ್ದರೇ ಹೊರತು ಅತ್ತೆಮಾವಂದಿರು ಇರಲಿಲ್ಲ. ಹಗಲಿರುಳು ಅತ್ತೆಯ ಆರೈಕೆ ಮಾಡುವವಳು ಯಾರೆಂಬುದನ್ನು ಆ ಅರ್ಥವನ್ನು ಬರೆದವರು ತಮ್ಮ ಮನೆಯಲ್ಲಿಯೇ ನೋಡಿಕೊಳ್ಳಬಹುದಾಗಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಕೊರತೆಯನ್ನು ತುಂಬಿದ್ದಾರೆ: ಅವಲಂಬಿತ ತಂದೆತಾಯಿಗಳೆಂದರೆ ಹೆಣ್ಣು ನೌಕರಳ ಅತ್ತೆಮಾವಂದಿರೂ ಸೇರುತ್ತಾರೆ, ಆದಾಯವು ಗೊತ್ತುಪಡಿಸಿದ ಮಿತಿಯೊಳಗಿದ್ದರೆ. ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು.

ಮೊನ್ನೆ ಆ ಸೊಸೆಯು ಬಂದು ಅರ್ಜಿ ಬರೆದುಕೊಡಬೇಕೆಂದು ಕೇಳಿದಳು. ‘ಕುಟುಂಬ’ ಎಂಬುದರ ಅರ್ಥವನ್ನು ಕನ್ನಡದಲ್ಲಿ ಬಿಡಿಸಿ ಬರೆದು, ಕೆಳಗೆ ಅತ್ತೆಯ ಹೆಸರು, ವಯಸ್ಸು, ವಾಸಸ್ಥಳಗಳನ್ನು ತುಂಬಿದೆನು.

“ಮೇಷ್ಟ್ರೇ, ಅತ್ತೆಗೆ ಬರೋ ಬಾಡಿಗೇನೂ ಬರೀಬೇಕಾ?” ಎಂದಳು.

“ಬರೆಯಲೇಬೇಕಮ್ಮ. ಎಲ್ಲ ಮೂಲಗಳಿಂದಲೂ ಎಂದು ಇದೆ” ಎಂದೆನು.

“ಹಂಗಾದ್ರೆ ಐದು ಸಾವಿರ ಅಂತ ಬರೀರಿ. ಹೋದ ತಿಂಗಳು ಅವರು ಕೊಟ್ಟಿಲ್ಲ, ಆದ್ರೂ ಬರೀರಿ” ಎಂದು ಹೇಳಿ, ಹಾಳೆಯನ್ನು ನಾಲ್ಕಾಗಿ ಮಡಿಸಿ ಊಟದ ಡಬ್ಬಿಯ ಚೀಲದೊಳಗಿಟ್ಟುಕೊಂಡು, ಕಾರ್ಖಾನೆಗೆ ಹೊತ್ತಾಯಿತೆಂದು ಹೊರಟಳು.