ಕೂಗಳತೆಯ ದಾರಿ

ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನ ಆ ಶೆಡ್ಡಿಗೆ ನಾನು ಹೋದದ್ದು ಭಾವನಿಗೆ ಮಗಳ ಮದುವೆ ಕಾಗದ ಕೊಡಲು. ಬೆಂಚಿನ ಮೇಲೆ ಗೇಣಗಲ ಬಾಯಿಯ, ಎರಡೂ ತುದಿಗೆ ಫ್ಲೇಂಜು ಇದ್ದ ಕಬ್ಬಿಣದ ಕೊಳವೆಯೊಂದು ಬಿದ್ದಿತ್ತು. ಕಣ್ಣಿಟ್ಟು ನೋಡಿದೆ. ಆಚೆ ಕಿಟಕಿ ಕಂಡಿತು, ಅಷ್ಟೇ.

"ಗ್ಯಾಸ್ ಮೀಟರ್ರಪ್ಪ ಅದು."

"ಒಳಗೆ ತಿರುಗೋ ಚಕ್ರಾನೇ ಇಲ್ಲವಲ್ಲ ಭಾವ?"

"ಚಕ್ರ ಯಾಕೆ? ಇದು ಕೂಗಿ ಕೇಳುತ್ತೆ."

ಟಾರ್ಚ್ ಬಿಟ್ಟು ತೋರಿಸಿದರು. ಗೋಡೆಯಲ್ಲಿ ಕೋಟಿನ ಗುಂಡಿಯಷ್ಟಿರುವ ಎರಡು ಬಿಲ್ಲೆಗಳು, ಓರೆಯಾಗಿ ಒಂದನ್ನೊಂದು ನೋಡುತ್ತಾ ಕೂತಿದ್ದವು. ವಿದ್ಯುತ್ ಕೊಟ್ಟರೆ ನಡುಗುತ್ತವೆ, ನಡುಗಿಸಿದರೆ ವಿದ್ಯುತ್ ಕೊಡುತ್ತವೆ. ಸೆಕೆಂಡಿಗೆ 2 ಲಕ್ಷ ಸಲದ ನಡುಕ. ನಮ್ಮ ಕಿವಿ 20 ಸಾವಿರಕ್ಕೇ ಸೋಲುತ್ತದೆ.

ರೈಲಿನ ಸೀಟಿ ಹತ್ತಿರ ಬಂದಾಗ ಏರಿ, ದಾಟಿದ ಮೇಲೆ ಇಳಿಯುತ್ತದಲ್ಲ, ಆ ಡಾಪ್ಲರ್ ಸಂಗತಿಯಿರಬೇಕೆಂದು ಸ್ವಲ್ಪ ಜಂಬದಿಂದಲೇ ಹೇಳಿದೆ. "ಅದು ಸ್ವರದ ಲೆಕ್ಕ. ಇದು ಹೊತ್ತಿನ ಲೆಕ್ಕ. ನಡಿ, ದಾರೀಲಿ ಹೇಳ್ತೀನಿ" ಎಂದರು. ಮುಂದಿನ ಕಾಗದ ಕೆಂಗೇರಿ ಉಪನಗರದ ಅಕ್ಕನಿಗೆ. ಭಾವನೂ ಜೊತೆಗೆ ಹೊರಟರು.

ರಾಜಾಜಿನಗರದಲ್ಲಿ ಹಸಿರು ಮೆಟ್ರೋ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿದೆವು. ಸಂಜೆ ಆರರ ಜನ. ಭಾವ ಒಂದು ಕಂಬದ ಹತ್ತಿರ ನಿಂತು, "ಆ ಕಂಬ ಮುಟ್ಟಿ ವಾಪಸ್ ಬಾ" ಎಂದು ಗಡಿಯಾರ ಹಿಡಿದರು. ಜನದ ಜೊತೆ ಹೋಗುವಾಗ 22 ಸೆಕೆಂಡ್. ಎದುರಾಗಿ ಬರುವಾಗ 35, ಜೊತೆಗೆ ಒಬ್ಬ ಅಜ್ಜಿಯ ಬೈಗುಳ. ನನ್ನ ನಡಿಗೆ ಅದೇ, ದೂರ ಅದೇ; ವ್ಯತ್ಯಾಸ ಪೂರ್ತಿ ಜನಪ್ರವಾಹದ್ದು. ಕೊಳವೆಯೊಳಗೂ ಹೀಗೇ. ಗ್ಯಾಸ್ ಹರಿಯುವ ಕಡೆಗೆ ಹೊರಟ ಕೂಗು ಬೇಗ ಮುಟ್ಟುತ್ತದೆ, ಎದುರು ಹೊರಟದ್ದು ತಡವಾಗಿ.

ನೇರಳೆ ರೈಲಿನಲ್ಲಿ ಜಾಗ ಸಿಕ್ಕಿದ್ದೇ ಮೊಬೈಲಿನಲ್ಲಿ ಲೆಕ್ಕ ಹಾಕಿದೆವು. 15 ಸೆಂಟಿಮೀಟರ್ ಅಗಲದ ಕೊಳವೆ, 45 ಡಿಗ್ರಿ ಓರೆ, ಅಂದರೆ ಬಿಲ್ಲೆಯಿಂದ ಬಿಲ್ಲೆಗೆ ಸುಮಾರು 21 ಸೆಂಟಿಮೀಟರ್. ನೈಸರ್ಗಿಕ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 430 ಮೀಟರ್. ಗ್ಯಾಸ್ ಸೆಕೆಂಡಿಗೆ 1 ಮೀಟರಿನಂತೆ ಸಾಗುತ್ತಿದ್ದರೆ ಎರಡು ಕೂಗುಗಳ ನಡುವಿನ ಅಂತರ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದೂವರೆ ಪಾಲು! ಅದರಲ್ಲೂ ನೂರಕ್ಕೆ ಒಂದರ ತಪ್ಪು ಮಾತ್ರ ಸಹ್ಯ ಎಂದರೆ, ಹತ್ತು ಲಕ್ಷದ ಒಂದು ಪಾಲನ್ನೂ ಮತ್ತೆ ಅರವತ್ತು ಚೂರು ಮಾಡಿ ಎಣಿಸಬೇಕು. ವಿಜಯನಗರ, ಅತ್ತಿಗುಪ್ಪೆ ಬಂದು ಹೋದದ್ದು ನನಗೆ ತಿಳಿಯಲಿಲ್ಲ.

ಕಷ್ಟ ಇನ್ನೂ ಇದೆ. ಬಂದ ಅಲೆ ಗಂಟೆ ಬಾರಿಸಿದ ಹಾಗೆ ಥಟ್ಟನೆ ಶುರುವಾಗುವುದಿಲ್ಲ. ಸಣ್ಣಗೆ ಎದ್ದು, ಉಬ್ಬಿ, ಇಳಿಯುತ್ತದೆ. ಮೊದಲ ಅಲೆ ಯಾವುದು? ಒಂದು ಅಲೆ ಎಣಿಕೆ ತಪ್ಪಿದರೆ ಹತ್ತು ಲಕ್ಷದ 5 ಪಾಲು ಹೆಚ್ಚುಕಡಿಮೆ. ನಾವು ಹುಡುಕುತ್ತಿರುವ ಅಂತರಕ್ಕಿಂತ ತಪ್ಪೇ ಮೂರು ಪಟ್ಟು ದೊಡ್ಡದು! ಹಾಗಾಗಿ ಮೀಟರಿನ ಚಿಪ್ ಬಂದ ಅಲೆಯನ್ನು ಅಂಕಿಗಳ ಸಾಲಾಗಿ ಬರೆದುಕೊಂಡು, ತನ್ನಲ್ಲಿರುವ ಮಾದರಿ ಅಲೆಯನ್ನು ಅದರ ಮೇಲೆ ಇಷ್ಟಿಷ್ಟೇ ಜರುಗಿಸುತ್ತದೆ. ದರ್ಜಿ ಚೌಕಳಿ ಬಟ್ಟೆಯ ಎರಡು ತುಂಡಿನ ಗೆರೆ ಕೂಡಿಸುವುದಿಲ್ಲವೆ, ಹಾಗೆ. ಗೆರೆ ಕೂಡಿದ ಜಾಗವೇ ಅಲೆ ಬಂದ ಹೊತ್ತು.

ನಾಯಂಡಹಳ್ಳಿ ದಾಟಿತು. ಕೆಳಗೆ ವೃಷಭಾವತಿ, ನೊರೆ ಹೊತ್ತು. 2021ರ ಆಗಸ್ಟಿನವರೆಗೂ ಈ ರೈಲು ಹಿಂದಿನ ಮೈಸೂರು ರಸ್ತೆ ನಿಲ್ದಾಣದಾಚೆಗೆ ಬರುತ್ತಿರಲಿಲ್ಲ.

"ಬಿಸಿಲಿಗೆ ಗ್ಯಾಸ್ ಕಾದರೆ ಶಬ್ದದ ವೇಗವೂ ಏರುತ್ತಲ್ಲ ಭಾವ, ಆಗ?" ಈ ಪ್ರಶ್ನೆಗೇ ಕಾದಿದ್ದವರಂತೆ ಅವರು ನಕ್ಕರು. ಒಂದನ್ನು ಎರಡೂ ಹೊತ್ತಿನಿಂದ ಬೇರೆಬೇರೆ ಭಾಗಿಸಿ ಕಳೆದರೆ, ಶಬ್ದದ ವೇಗ ಹೊಡೆದು ಹೋಗಿ ಹರಿವು ಮಾತ್ರ ಉಳಿಯುತ್ತದೆ. ಅವನ್ನೇ ಕೂಡಿದರೆ ಹರಿವು ಹೊಡೆದು ಹೋಗಿ ಶಬ್ದದ ವೇಗ ಉಳಿಯುತ್ತದೆ. ಆ ವೇಗ ಇಳಿದರೆ ಗ್ಯಾಸಿಗೆ ಗಾಳಿ ಬೆರೆತಿರಬಹುದೆಂಬ ಸುಳಿವು. ಗಾಳಿಯಲ್ಲಿ ಶಬ್ದ ಬರೀ 345 ಮೀಟರಿನ ಆಸುಪಾಸು. ಅದೇ ಎರಡು ಅಂಕಿ, ಎರಡು ಬೇರೆ ಸತ್ಯ. ನಾನು ಬಾಯಿ ಬಿಟ್ಟುಕೊಂಡು ಕೂತೆ.

ಅಕ್ಕನ ಮನೆಯ ಬೆಲ್ ಒತ್ತಿದೆವು. ಒಳಗೆ ಕುಕ್ಕರ್ ಬುಸುಗುಡುತ್ತಿತ್ತು, ಯಾರೂ ಬರಲಿಲ್ಲ. ಮೂರನೇ ಸಲಕ್ಕೆ ಬಾಗಿಲು ತೆರೆಯಿತು. "ನೋಡು, ಮೀಟರಿನ ಗೋಳೂ ಇದೇ" ಎಂದರು ಭಾವ. ಒತ್ತಡ ಇಳಿಸುವ ವಾಲ್ವು ಪಕ್ಕದಲ್ಲಿದ್ದರೆ ಅದರ ಬುಸುಗಾಟದಲ್ಲಿ ಕೂಗು ಮುಳುಗುತ್ತದೆ. ಆಗ ಮೀಟರು ಹದಿನಾರು ಸಲ ಕೂಗಿ, ಬಂದ ಅಲೆಗಳನ್ನು ಒಂದರ ಮೇಲೊಂದು ಪೇರಿಸುತ್ತದೆ. ಕೂಗಿನ ಮೇಲೆ ಕೂಗು ಬೆಳೆಯುತ್ತದೆ. ಗದ್ದಲಕ್ಕೆ ತಾಳವಿಲ್ಲ, ಏರಿದ್ದು ಇಳಿದದ್ದು ಒಂದನ್ನೊಂದು ತಿನ್ನುತ್ತವೆ. ಗದ್ದಲದೆದುರು ಕೂಗು ನಾಲ್ಕು ಪಟ್ಟು ಎದ್ದು ಕಾಣುತ್ತದೆ.

ಅಕ್ಕ ಕಾಫಿಗೆ ಒಲೆ ಹಚ್ಚಿದಳು. ಸಿಲಿಂಡರಿಲ್ಲ, ಕೊಳವೆ ಗ್ಯಾಸು. ರತ್ನಾಗಿರಿ ಕಡಲತೀರದ ದಾಭೋಳದಿಂದ ಬೆಳಗಾವಿ, ಧಾರವಾಡ, ಚಿತ್ರದುರ್ಗ, ತುಮಕೂರು ಹಾದು ಬಿಡದಿಗೆ ಬರುವ ಗೇಲ್ ಕೊಳವೆಮಾರ್ಗ ಶುರುವಾದದ್ದು 2013ರಲ್ಲಿ. ಅಂಥ ದೊಡ್ಡ ಕೊಳವೆಗಳಿಗೆ ಒಂದು ಜೊತೆ ಬಿಲ್ಲೆ ಸಾಲದು. ನಡುವೆ ಹರಿವು ಜೋರು, ಗೋಡೆಯ ಬಳಿ ಮಂದ, ಹಾಗಾಗಿ ನಾಲ್ಕಾರು ಜೊತೆ ಕೂರಿಸುತ್ತಾರೆ.

ಅಡುಗೆಮನೆ ಹಿಂದಿನ ಮೀಟರಿಗೆ ಕಿವಿಯಿಟ್ಟೆ. ಟಿಕ್, ಟಿಕ್. ಭಾವ ನಕ್ಕರು. ಇದಿನ್ನೂ ಹಳೆಯ ತಿದಿಯ ಜಾತಿ; ಒಳಗೆ ಚೀಲಗಳು ತುಂಬಿ ಖಾಲಿಯಾಗಿ ಅಂಕಿ ತಿರುಗಿಸುತ್ತವೆ.