ಮೇಳದಲ್ಲಿ ದೊರೆತ ಮಣೆ

ಸಪ್ತವ್ಯಸನಗಳನ್ನು ಎಣಿಸುವಾಗ ಹಿರಿಯರು ದ್ಯೂತವನ್ನೇ ಮೊದಲು ಹೇಳಿದರು. ಆದುದರಿಂದ ಪಗಡೆಯ ಹಾಸನ್ನೋ ಚೌಕಾಬಾರದ ಮನೆಗಳನ್ನೋ ಕಂಡೊಡನೆ ಮುಖ ತಿರುಗಿಸುವ ಶ್ರಾವಕರು ಇಂದಿಗೂ ಉಂಟು. ಪಾಂಡವಪುರದಂತಹ ಊರಿನ ಹೆಸರನ್ನು ದಿನವೂ ಉಚ್ಚರಿಸುವ ಸೀಮೆಯಲ್ಲಿ, ಆಟದಲ್ಲಿ ರಾಜ್ಯ ಕಳೆದವರ ನೆನಪು ಸುಲಭವಾಗಿ ಮಾಸುವುದೂ ಇಲ್ಲ. ಆದರೆ ದ್ಯೂತವನ್ನು ದ್ಯೂತವಾಗಿಸುವುದು ಪಣವೇ ಹೊರತು ಮಣೆಯಲ್ಲ. ಪಶ್ಚಿಮ ಭಾರತದ ಜೈನರು ಇದನ್ನು ಚೆನ್ನಾಗಿ ಅರಿತಿದ್ದರು. ಅವರು ಚಿತ್ರಿಸಿಕೊಂಡ ಜ್ಞಾನಚೌಪಡದಲ್ಲಿ 84 ಮನೆಗಳು; ಕೆಳಗೆ ನರಕ, ಮೇಲೆ ಸಿದ್ಧಶಿಲೆ; ದುಷ್ಕರ್ಮಕ್ಕೆ ಹಾವು, ಸತ್ಕರ್ಮಕ್ಕೆ ಏಣಿ. ಪರ್ಯೂಷಣದ ದಿನಗಳಲ್ಲಿ ಇದನ್ನು ಆಡುವ ರೂಢಿಯೂ ಇತ್ತು. ಇಂತಹ ಆಟವೇ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿ, ಕ್ರಮೇಣ ಮನೆಗಳ ಹೆಸರುಗಳನ್ನು ಕಳೆದುಕೊಂಡು, ಬರಿಯ ಹಾವು ಏಣಿಯಾಗಿ ಅಂಗಡಿಗಳಿಗೆ ಮರಳಿತು.

ಮೈಸೂರು ಸೀಮೆಗೆ ಈ ವಿಷಯದಲ್ಲಿ ಬೇರೆಯೇ ಒಂದು ಸಂಪತ್ತಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಅದೇ ವರ್ಷ ಪಟ್ಟವೇರಿದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಆಡಳಿತ ಕೈತಪ್ಪಿತು. 1868ರಲ್ಲಿ ತೀರಿಕೊಳ್ಳುವವರೆಗೂ ಅವರು ವಿದ್ಯೆ, ಕಲೆ, ಆಟಗಳಲ್ಲಿ ಮನಸ್ಸಿಟ್ಟರು. ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೂ ಎಡೆಯುಂಟು. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಮ್ಮೊಮ್ಮೆ ಮಾತ್ರ ಇಳಿಸುವ ನಡೆಗಳನ್ನು ಅವರು ರಚಿಸಿದರು. ಇತ್ತೀಚಿನ ದಶಕಗಳಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳಲ್ಲಿ ಹಳೆಯ ಆಟಗಳ ಮಣೆಗಳನ್ನು ಕುಶಲಕರ್ಮಿಗಳಿಂದ ಹೊಸದಾಗಿ ಮಾಡಿಸಿ ಜನರ ಮುಂದಿಟ್ಟಿದೆ. ಜರ್ಮನಿಯ ಎಸ್ಸೆನ್ ನಗರದಲ್ಲಿ 1983ರಿಂದ ಆಟಗಳಿಗಾಗಿಯೇ ಒಂದು ಮಹಾಮೇಳ ನಡೆದುಬಂದಿದೆ. ಹೊಸ ಆಟ, ಅಪರೂಪದ ಆಟ ಎಂದು ಜನ ಅಲ್ಲಿ ಚೀಲ ಹಿಡಿದು ಅಲೆಯುತ್ತಾರೆ. ಇಲ್ಲಿಯ ಸ್ಥಿತಿ ವಿಚಿತ್ರ. ಅಜ್ಜಿಯರು ಕಣ್ಣುಮುಚ್ಚಿ ಆಡುತ್ತಿದ್ದ ಆಟವೇ ಮೊಮ್ಮಕ್ಕಳಿಗೆ ಹೊಸದೂ ಹೌದು, ಅಪರೂಪವೂ ಹೌದು.

ಕೃಷ್ಣರಾಜಪೇಟೆಯ ಜವಳಿ ವರ್ತಕರೊಬ್ಬರಿಗೆ ಈ ಗೀಳು ಹಿಡಿದದ್ದು ಅಂಗಡಿಯನ್ನು ಮಗನಿಗೆ ಒಪ್ಪಿಸಿದ ಮೇಲೆ. ಹೇಮಗಿರಿ, ಬೇಬಿ ಬೆಟ್ಟದ ದನಗಳ ಜಾತ್ರೆಗಳಲ್ಲಿ ಹುಡುಕಿದರು. ಅಲ್ಲಿ ಹಗ್ಗ, ಮೂಗುದಾರ, ಗೆಜ್ಜೆ ಉಂಟು, ಮಣೆ ಇಲ್ಲ. ಮೇಲುಕೋಟೆಯ ವೈರಮುಡಿಯ ಅಂಗಡಿಸಾಲಿನಲ್ಲಿ ಪ್ಲಾಸ್ಟಿಕ್ ಸಾಮಾನು. ಕೊನೆಗೆ ಮೈಸೂರಿನ ಕುಶಲವಸ್ತು ಮೇಳವೊಂದಕ್ಕೆ ಮೊಮ್ಮಗನೊಡನೆ ಹೊರಟರು. ಅವರು ಪರಿಗ್ರಹ ಪರಿಮಾಣದ ವ್ರತಸ್ಥರು. ಮನೆಯಲ್ಲಿರಬಹುದಾದ ಮಣೆಗಳು ಹನ್ನೆರಡು ಎಂದು ಗೊತ್ತುಮಾಡಿಕೊಂಡಿದ್ದರು. ಹದಿಮೂರನೆಯದು ಬಂದರೆ ಒಂದನ್ನು ಯಾರಿಗಾದರೂ ಕೊಡಬೇಕು. ಸಂಗ್ರಹಕಾರರಲ್ಲಿ ಇಂತಹ ಕಟ್ಟುಪಾಡು ಅಪರೂಪ, ಆಟಗಳಿಗಿಂತಲೂ ಅಪರೂಪ.

ಮೊದಲ ಮಳಿಗೆಯಲ್ಲಿ ಬಟ್ಟೆಯ ಪಗಡೆಹಾಸು. “ದೊರೆಗಳ ಕಾಲದ್ದು ಸ್ವಾಮಿ” ಎಂದ ಮಾರುವವನು. ನಲವತ್ತು ವರ್ಷ ಬಟ್ಟೆ ಅಳೆದ ಬೆರಳುಗಳಿಗೆ ಅದರ ನೂಲಿನಲ್ಲಿ ಪಾಲಿಯೆಸ್ಟರ್ ಬೆರೆತಿರುವುದು ತಕ್ಷಣ ತಿಳಿಯಿತು; ಹಳೆಯ ಬಣ್ಣ ಚಹಾದ ಕಷಾಯದ್ದು. ತತ್ತ್ವಾರ್ಥಸೂತ್ರವು ಅಚೌರ್ಯವ್ರತದ ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿರುವುದನ್ನು ಓದುಗರು ಬಲ್ಲರು. ನಕಲಿಯನ್ನು ಅಸಲೆಂದು ಮಾರುವವನಿಗೆ ಅಂಟುವ ದೋಷ, ತಿಳಿದೂ ಕೊಂಡು ಮನೆಯಲ್ಲಿ ಅಸಲೆಂದು ತೋರಿಸುವವನಿಗೆ ಅಂಟದಿರುವುದೆಂತು? ಮತ್ತೊಂದು ಮಳಿಗೆಯಲ್ಲಿ ಬಟ್ಟೆಯೊಳಗೆ ಸುತ್ತಿದ್ದ ದಂತದ ದಾಳಗಳನ್ನು ಗುಟ್ಟಾಗಿ ಬಿಚ್ಚಿದರು. ವನ್ಯಜೀವಿ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ದಂತದ ವ್ಯಾಪಾರಕ್ಕೆ ದೇಶದಲ್ಲಿ ಎಡೆಯಿಲ್ಲ. ವರ್ತಕರಿಗೆ ಕಾಯಿದೆಯ ನೆನಪೂ ಬೇಕಾಗಲಿಲ್ಲ; ಕೈಯಿಂದ ಮುಟ್ಟಲೂ ಇಲ್ಲ. ಕವಡೆಯ ಬದಲು ಉಜ್ಜಿದ ಹುಣಿಸೆಬೀಜ ಹಾಕಿ ಆಡುವ ಮನೆತನ ಅವರದು.

ಕೊನೆಯ ಸಾಲಿನಲ್ಲಿ, ಹಿತ್ತಾಳೆಯ ಪಾತ್ರೆಗಳ ಅಡಿಯಲ್ಲಿ, ಹಲಸಿನ ಮರದ ಅಳಗುಳಿಮಣೆ ಸಿಕ್ಕಿತು. ಏಳರಂತೆ ಎರಡು ಸಾಲು ಗುಳಿ. ಒಂದರ ಅಂಚನ್ನು ಗೆದ್ದಲು ತಿಂದಿತ್ತು. ಬೆಲೆ 800 ರೂಪಾಯಿ. ಮೊಮ್ಮಗ ಅದನ್ನು ಮಗುಚಿ, “ತಾತ, ಇಲ್ಲಿ ಏನೋ ಕೆತ್ತಿದ್ದಾರೆ ನೋಡಿ” ಎಂದ. ಒಂದು ಊರಿನ ಹೆಸರು. ಅದರ ಮುಂದೆ, ಬಸದಿಗೆ ಒಪ್ಪಿಸಿದ್ದು ಎಂಬ ಮಾತು. ಊರು ಅವರಿಗೆ ಪರಿಚಿತವೇ, ಇಲ್ಲಿ ಹೇಳಬೇಕಾಗಿಲ್ಲ. ಬಸದಿಗೆ ಆಟದ ಮಣೆಯೇಕೆಂಬ ಸಂದೇಹ ಸಹಜ. ದೂರದಿಂದ ಬಂದು ಇಳಿದುಕೊಂಡ, ಉಪವಾಸದ ಮಧ್ಯಾಹ್ನಗಳನ್ನು ಕಳೆಯಬೇಕಾದ ಹೆಂಗಸರಿಗೆಂದು ಯಾರೋ ಕೊಟ್ಟಿರಬೇಕು.

ಕದ್ದ ಮಾಲನ್ನು ಕೊಳ್ಳುವುದೂ ಅದೇ ಸೂತ್ರದಲ್ಲಿ ಅತಿಚಾರವೇ. ಎಲ್ಲಿಂದ ಬಂದಿತೆಂದು ವರ್ತಕರು ಕೇಳಿದರು. ಗುಜರಿಯವರಿಂದ ತೂಕಕ್ಕೆ ಕೊಂಡದ್ದೆಂದು ಉತ್ತರ. ಆಗ ಅವರು ಕೆತ್ತನೆಯನ್ನು ತಾವೇ ಓದಿ ಹೇಳಿದರು. ಅಂಗಡಿಯವನು ಬೆಲೆಯನ್ನು ಕೂಡಲೆ 2,000ಕ್ಕೆ ಏರಿಸಿದ. ಸತ್ಯಕ್ಕೆ ತೆರಬೇಕಾದ ಬೆಲೆ ಹಲವೊಮ್ಮೆ ಹೀಗೆ ರೊಕ್ಕದಲ್ಲಿಯೇ ಇರುತ್ತದೆ. ಅವರು ಮುಂಗಡ ಕೊಟ್ಟು, ಒಂದು ವಾರದ ಅವಧಿ ಪಡೆದು ಊರಿಗೆ ಮರಳಿದರು.

ಬಸದಿಯ ಆಡಳಿತ ಮಂಡಳಿಯಲ್ಲಿ ಕಳ್ಳತನವೇನೂ ನಡೆದಿರಲಿಲ್ಲ. ಜೀರ್ಣೋದ್ಧಾರದ ವೇಳೆ ಹಳೆಯ ಮರವನ್ನು ಮಾರಿ, ಬಂದ ಹಣವನ್ನು ರಸೀದಿಯೊಡನೆ ಜಮಾ ಮಾಡಿದ್ದರು. ಲೆಕ್ಕ ಶುದ್ಧ. ಯಾರೂ ಹಲಗೆಗಳನ್ನು ಮಗುಚಿ ನೋಡಿರಲಿಲ್ಲ, ಅಷ್ಟೆ. “ಮಾರಿದ ಮೇಲೆ ನಮ್ಮದೇನಿದೆ ಯಜಮಾನರೇ? ನೀವು ಕೊಂಡರೆ ನಿಮ್ಮದೇ” ಎಂದರು ಪದಾಧಿಕಾರಿಯೊಬ್ಬರು. “ದಾನಿ ಕೊಟ್ಟದ್ದು ಮಣೆ, ಸೌದೆಯಲ್ಲ, ನೀವು ಮಾರಿದ್ದು ಸೌದೆ” ಎಂದರು ವರ್ತಕರು. ಈ ಮಾತಿನಲ್ಲಿ ಅವರ ಪಕ್ಷವೇ ನ್ಯಾಯವಾದುದು. ದೇವದ್ರವ್ಯವನ್ನು ನುಂಗುವುದು ಪಾಪವೆಂದು ಎಲ್ಲರೂ ಬಲ್ಲರು; ಅದೇನೆಂದು ನೋಡದೆ ತೂಕಕ್ಕೆ ಹಾಕುವುದು ಯಾವ ಲೆಕ್ಕಪತ್ರದಲ್ಲಿಯೂ ಕಾಣಿಸುವುದಿಲ್ಲ.

ಉಳಿದ ಹಣ ತೆತ್ತು ಅವರು ಮಣೆಯನ್ನು ತಂದರು. ತಮ್ಮ ಹನ್ನೆರಡರಲ್ಲಿ ಸೇರಿಸಲಿಲ್ಲ. ಒಪ್ಪಿಸಲು ಹೋದಾಗ ಇಬ್ಬರು ಹಿರಿಯರು ಬಸದಿಯಲ್ಲಿ ದ್ಯೂತದ ಸಾಧನ ಇರಬಾರದೆಂದು ತಡೆದರು. ಚರ್ಚೆ ಎರಡು ಸಭೆಗಳವರೆಗೆ ನಡೆಯಿತು. ಕೊನೆಗೆ ಸ್ವಾಧ್ಯಾಯದ ಕೊಠಡಿಯ ಹೊರಜಗಲಿಯಲ್ಲಿ ಇಡುವುದು, ಪಣವಿಲ್ಲದೆ ಆಡುವುದು ಎಂದು ಠರಾವಾಯಿತು. ಅದುವರೆಗೆ ಇಲ್ಲದಿದ್ದ ಚರಾಸ್ತಿಯ ಪುಸ್ತಕವೊಂದನ್ನು ತೆರೆದು ಮೊದಲ ಸಾಲು ಬರೆದರು: ಅಳಗುಳಿಮಣೆ 1, ಹಲಸು, ಗುಳಿ 14, ಒಂದರ ಅಂಚು ಶಿಥಿಲ.

ಅದೇ ಗಾಡಿಯಲ್ಲಿ ಹೋದ ಉಳಿದ ಹಲಗೆಗಳಿಗಾಗಿ ವರ್ತಕರು ಗುಜರಿಯವನನ್ನು ಹುಡುಕಿಕೊಂಡು ನಾಗಮಂಗಲಕ್ಕೂ ಹೋಗಿಬಂದರು. ಅವು ಮದುವೆಯೊಂದರ ಅಡುಗೆಯ ಒಲೆಗೆ ಹೋಗಿದ್ದವು.